ಆಚೆ ದಂಡೆ ಇಲ್ಲದ ನೀರು

ಮಾಸ್ತರಿಕೆಯಲ್ಲಿ ಹತ್ತು ವರ್ಷ ಕಳೆದವನ ಬಾಯಿಂದ ‘ನನಗೆ ಗೊತ್ತಿಲ್ಲ’ ಎಂಬ ಮಾತು ಹೊರಡಿಸುವುದು ಬಹಳ ಕಷ್ಟ. ಅದು ನಾಲಿಗೆಯ ತುದಿಯವರೆಗೂ ಬರುತ್ತದೆ, ಅಲ್ಲಿ ಮೈಮೇಲಿನ ಕೋಟು ನೆನಪಾಗಿ ತಿರುಗಿ ಒಳಗೆ ಹೋಗುತ್ತದೆ. ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಕನ್ನಡ ಸೀಮೆಯೆಲ್ಲ ಒಂದು ರಾಜ್ಯವಾಗಿ ಆಗಿನ್ನೂ ನಾಲ್ಕು ವರ್ಷ. ನಮ್ಮ ಸಾಲೆಯ ಗೋಡೆಯ ಮೇಲಿದ್ದ ಹಳೆಯ ನಕಾಶೆಯಲ್ಲಿ ಗೋಕಾಕ ಮುಂಬಯಿ ಇಲಾಖೆಯಲ್ಲೂ ಮಂಗಳೂರು ಮದ್ರಾಸಿನಲ್ಲೂ ಇದ್ದವು. ಹೊಸ ನಕಾಶೆ ಬರುವವರೆಗೆ ಕಾಯದೆ ನಾನೇ ಒಂದು ಕೆಂಪು ಸೀಸಕಡ್ಡಿ ಹಿಡಿದು ಗಡಿ ಎಳೆದು ಎರಡನ್ನೂ ಒಂದು ಮಾಡಿದ್ದೆ. ಜ್ವಾಲಾಮುಖಿ, ಮರುಭೂಮಿ, ಹಿಮದ ಬೆಟ್ಟ, ಯಾವುದನ್ನೂ ಕಣ್ಣಿಂದ ಕಾಣದೆ ಎಲ್ಲವನ್ನೂ ಧೈರ್ಯವಾಗಿ ಕಲಿಸುತ್ತಿದ್ದೆ. ಅದಕ್ಕೆ ಯಾರೂ ತಪ್ಪು ಹಿಡಿಯಲಿಲ್ಲ. ಸಮುದ್ರದ ವಿಷಯದಲ್ಲಿ ಮಾತ್ರ ಸಿಕ್ಕಿಬಿದ್ದೆ. ಯಾಕೆಂದರೆ ಅದನ್ನು ನೋಡಿದ್ದೇನೆ ಎಂದು ಹೇಳಿಬಿಟ್ಟಿದ್ದೆ.

ಹೇಳಿದ್ದು ಹುಕ್ಕೇರಿಯಲ್ಲಿ, ಹೆಣ್ಣು ನೋಡಲು ಹೋದ ದಿನ. ಮುಂದೆ ನನ್ನ ಮಾವನಾಗಲಿದ್ದವರು ಎದುರಿಗೆ ಕೂತಿದ್ದರು. ಅವರ ಹಿಂದೆ ಊರಿನ ಎಂಟು ಹಿರಿಯರು. ಒಳಬಾಗಿಲ ಮರೆಯಲ್ಲಿ ಬಳೆಗಳ ಸಪ್ಪಳ. ನನ್ನ ಬಾಯಲ್ಲಿ ಚೂಡಾ. “ಭೂಗೋಳ ಕಲಸ್ತೀರಂತ. ಸಮುದ್ರ ನೋಡೀರೇನ್ರಿ?” ಎಂದು ಅವರು ಸಹಜವಾಗಿ ಕೇಳಿದರು. ಬಳೆಗಳ ಸಪ್ಪಳ ನಿಂತಿತು. ಅದು ನಿಲ್ಲದಿದ್ದರೆ ನಾನು ಖರೆ ಹೇಳುತ್ತಿದ್ದೆನೋ ಏನೋ. “ನೋಡೀನ್ರಿ. ಕಾರವಾರದಾಗ” ಎಂದೆ. “ಹೆಂಗೈತ್ರಿ?” ಎಂದರು. “ದೊಡ್ಡದೈತ್ರಿ” ಎಂದೆ. ಎಂಟೂ ಹಿರಿಯರು ತಲೆದೂಗಿದರು. ಮದುವೆ ಗಟ್ಟಿಯಾಯಿತು. ಆಮೇಲೆ ನನ್ನ ಮಾವನವರು ಹುಕ್ಕೇರಿಯಲ್ಲಿ, ಗೋಕಾಕದಲ್ಲಿ, ಮೂಡಲಗಿಯ ಸಂತೆಯಲ್ಲಿ, ಎಲ್ಲಿ ನಾಲ್ಕು ಜನ ಕೂಡಿದರೂ ‘ನಮ್ಮ ಅಳ್ಯಾ ಸಮುದ್ರ ನೋಡ್ಯಾನ’ ಎಂದು ಹೇಳುತ್ತ ನಡೆದರು. ಬೇರೆಯವರ ಅಳಿಯಂದಿರು ವಕೀಲರು, ಫೌಜದಾರರು ಆಗಿದ್ದರು. ಪಾಪ, ನಮ್ಮ ಮಾವನವರಿಗೆ ನನ್ನ ಬಗ್ಗೆ ಹೇಳಿಕೊಳ್ಳಲು ಇದ್ದದ್ದು ಅದೊಂದೇ.

ಈ ಸುದ್ದಿ ಹೋಗಿ ಹೋಗಿ ಮೂಡಲಗಿಯ ಚೆನ್ನವ್ವತ್ತಿಯ ಕಿವಿಗೂ ಬಿತ್ತು. ಚೆನ್ನವ್ವತ್ತಿ ಎಂದರೆ ನನ್ನ ತಂದೆಯ ಅಕ್ಕ. ಗಟ್ಟಿ ದನಿ, ಗಟ್ಟಿ ರೊಟ್ಟಿ, ಗಟ್ಟಿ ಅಭಿಪ್ರಾಯ. ಆಕೆಯ ಗಂಡ ಮಲ್ಲಪ್ಪ ಮಾವ ಗವಂಡಿ ಕೆಲಸದವ. ಕಲ್ಲು ಕೂಡಿಸುವುದರಲ್ಲಿ ಅವನಷ್ಟು ನಾಜೂಕಿನ ಕೈ ಆ ಸುತ್ತಿನಲ್ಲಿ ಇರಲಿಲ್ಲ. ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮುಂಚೆ ಮೂಡಲಗಿಯ ಒಬ್ಬ ವ್ಯಾಪಾರಿಗೆ ತನ್ನ ಹೊಸ ಮನೆಗೆ ಮಣ್ಣಿನ ಮಾಳಿಗೆ ಬೇಡ, ಮಂಗಳೂರು ಹೆಂಚೇ ಬೇಕು ಎಂಬ ಹುಕಿ ಬಂತು. ಹೆಂಚು ಆರಿಸಿ ತರಲು ಲಾರಿಯ ಸಂಗಡ ಮಲ್ಲಪ್ಪ ಮಾವನನ್ನು ಕಳಿಸಿದರು. ಅವನು ಎಂಟು ದಿನ ಮಂಗಳೂರಿನ ಹಳೇ ಬಂದರಿನಲ್ಲಿದ್ದು ಮರಳಿ ಬಂದ. ಬಂದವನು ಕೈಕಾಲು ತೊಳೆಯುವ ಮೊದಲೇ ಕಟ್ಟೆಯ ಮೇಲೆ ನಿಂತು ಓಣಿಗೆಲ್ಲ ಕೇಳುವ ಹಾಗೆ, “ಚೆನ್ನಿ, ಸಮುದ್ರ ನೋಡಿ ಬಂದ್ನಿ. ಅದಕ್ಕ ಆಚೆ ದಂಡಿನ ಇಲ್ಲ!” ಎಂದನಂತೆ.

ಚೆನ್ನವ್ವತ್ತಿ ಹುಟ್ಟಿದಾಗಿನಿಂದ ಕಂಡದ್ದು ಘಟಪ್ರಭೆ. ಎಂಥ ಮಹಾಪೂರ ಬಂದರೂ ಅದಕ್ಕೆ ಆಚೆ ದಂಡೆ ಇದ್ದೇ ಇತ್ತು. ಅವಳು ಓಣಿಯ ಹೆಂಗಸರ ಎದುರಿಗೇ, “ದಂಡಿ ಇಲ್ಲದ ನೀರ ಎಲ್ಲೆರ ಇರತೈತೇನು? ನಿಲ್ಲೋದ ಹೆಂಗದು? ಎಂಟ ದಿನ ಹೆಂಚಿನ ಧೂಳ ಕುಡದ ತಲಿ ತಿರಗೇತಿ ನಿಮಗ” ಎಂದಳು. ಎಲ್ಲರೂ ನಕ್ಕರು. ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಮಲ್ಲಪ್ಪ ಮಾವ ಏನು ಹೇಳಿದರೂ, ಹತ್ತಿಯ ಧಾರಣೆ ಏರಿತು ಎಂದರೂ, ಎಮ್ಮೆ ಗಬ್ಬವಾಗಿದೆ ಎಂದರೂ, “ಹೂಂ, ಮತ್ತ ದಂಡಿ ಇಲ್ಲದ ಮಾತ ಸುರು ಆತು” ಎನ್ನುವುದು ಆಕೆಗೆ ರೂಢಿಯಾಯಿತು. ಓಣಿಗೂ ರೂಢಿಯಾಯಿತು. ನಾನೂ ಸಾಲೆ ಕಲಿಯುವಾಗ ಅದನ್ನೇ ಅಂದು ನಕ್ಕವನೇ. ಮಾವ ಬರಬರುತ್ತ ಮಾತು ಕಡಿಮೆ ಮಾಡಿದ, ಕೊನೆಗೆ ಬಿಟ್ಟೇಬಿಟ್ಟ.

ಮಲ್ಲಪ್ಪ ಮಾವ ತೀರಿ ಒಂದು ವರ್ಷವಾಗಿತ್ತು. ದೀಪಾವಳಿ ಸೂಟಿ ಸುರುವಾದ ಮರುದಿನ ಮುಂಜಾನೆ ಚೆನ್ನವ್ವತ್ತಿ ಮೂಡಲಗಿಯಿಂದ ಮೊದಲ ಬಸ್ಸಿಗೆ ಗೋಕಾಕಕ್ಕೆ ಬಂದು ನಮ್ಮ ಪಡಸಾಲೆಯಲ್ಲಿ ಗಂಟು ಇಳಿಸಿದಳು. “ನೀ ಸಮುದ್ರ ನೋಡಿದಾಂವ. ನನ್ನ ಮಂಗಳೂರಿಗೆ ಕರಕೊಂಡ ಹೋಗು” ಎಂದಳು.

ಅಷ್ಟು ದೂರ ಈ ವಯಸ್ಸಿನಲ್ಲಿ ಯಾಕೆ ಎಂದೆ. ಘಟ್ಟ ಇಳಿಯಬೇಕು, ಹೊಳೆ ದಾಟಬೇಕು, ನೀರು ಒಗ್ಗುವುದಿಲ್ಲ ಎಂದೆ. ಆಕೆ ಎಂದೂ ಇಲ್ಲದ ಸಣ್ಣ ದನಿಯಲ್ಲಿ ಹೇಳಿದಳು: “ಕಡೀ ದಿನ ನಿಮ್ಮ ಮಾವ ಏನೋ ಹೇಳಾಕ ಬಾಯಿ ತಗದ್ರು. ನನ್ನ ಮುಖಾ ನೋಡಿದ್ರು. ಬ್ಯಾಡಂತ ಸುಮ್ಮನಾದ್ರು. ಏನ ಹೇಳೂದಿತ್ತೋ ಏನೋ. ಅವ್ರು ಅಂದಿದ್ದ ಖರೆನೋ ಸುಳ್ಳೋ ನಾ ನೋಡಬೇಕಪಾ. ಖರೆ ಇದ್ರ ತಪ್ಪಾತಂತ ಅಲ್ಲೇ ನಿಂತ ಹೇಳಿ ಬರತೀನಿ.”

ನಾನು ಹೋಗಿ ಬಸ್ಸಿನ ವೇಳೆ ಕೇಳಿಕೊಂಡು ಬಂದೆ. ಕೂಸಿಗೆ ದಡಾರ ಎದ್ದಿದ್ದರಿಂದ ನನ್ನ ಹೆಂಡತಿ ಬರುವಂತಿರಲಿಲ್ಲ. ಆದರೆ ಅವಳು ಅತ್ತಿಯ ಜೊತೆ ಕೂತು ನಲವತ್ತು ಕಡಕ್ ರೊಟ್ಟಿ ಬಡಿದಳು. ನಮ್ಮ ಕಡೆ ದೂರದ ಪ್ರಯಾಣ ಎಂದರೆ ಮೊದಲು ರೊಟ್ಟಿ, ಆಮೇಲೆ ಟಿಕೀಟು. ಬಿಸಿಲಿಗೆ ಒಣಗಿಸಿದ ಜೋಳದ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ, ಮುರಿದರೆ ಪಟ್ಟೆಂದು ಸಪ್ಪಳ ಬರಬೇಕು. ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಇಷ್ಟು ಧೋತರದ ಗಂಟಿನಲ್ಲಿ ಕಟ್ಟಿಕೊಂಡು ನಾವು ಹೊರಟೆವು. ಬಸ್ಸು ಹತ್ತುವಾಗ ಹೆಂಡತಿ, “ಕಾರವಾರದ ಹಾದಿ ಹೆಂಗೂ ನಿಮಗ ಗೊತ್ತೈತಲ್ಲ” ಎಂದಳು. ನಗುತ್ತ ಅಂದಳೋ, ನಗದೆ ಅಂದಳೋ, ಗದ್ದಲದಲ್ಲಿ ತಿಳಿಯಲಿಲ್ಲ.

ಹುಬ್ಬಳ್ಳಿಯವರೆಗೆ ಎಲ್ಲ ಸುಸೂತ್ರ. ಅರಬೈಲು ಘಟ್ಟದಲ್ಲಿ ಬಸ್ಸು ಸುತ್ತುತ್ತ ಇಳಿಯತೊಡಗಿದಾಗ ಚೆನ್ನವ್ವತ್ತಿ ಸೆರಗನ್ನು ಹಣೆಯಿಂದ ಎಳೆದು ಗದ್ದದ ತನಕ ಇಳಿಬಿಟ್ಟಳು. ತಲೆ ಸುತ್ತುತ್ತದೆ ಎಂದುಕೊಂಡು ನಿಂಬೆಹಣ್ಣು ಕೊಡಹೋದೆ. “ತಲಿಗೇನೂ ಆಗಿಲ್ಲ. ಇನ್ನ ಮುಂದ ಎಲ್ಲೆ ಸಮುದ್ರ ಬರತೈತೋ ಯಾರಿಗ್ಗೊತ್ತು. ನಾ ನೋಡಾಕಿ ಅಲ್ಲ. ನಿಮ್ಮ ಮಾವ ನೋಡಿದ ಜಾಗಾದಾಗನ ನೋಡಾಕಿ. ನೀನೂ ಹೆಂಗೈತಿ ಏನ ಐತಿ ಅಂತ ಬಾಯಿ ಬಿಡಬ್ಯಾಡ” ಎಂದಳು. ಹೀಗೆ ಸಮುದ್ರ ನೋಡಲು ಹೊರಟ ಹೆಂಗಸು ಕಣ್ಣು ಮುಚ್ಚಿಕೊಂಡು ಕರಾವಳಿಗೆ ಇಳಿದಳು. ಕೈಹಿಡಿದು ನಡೆಸುವ ಮಾರ್ಗದರ್ಶಿ, ಸಮುದ್ರ ಯಾವ ದಿಕ್ಕಿಗಿದೆ ಎಂದು ನಕಾಶೆಯ ಮೇಲೆ ಮಾತ್ರ ಬಲ್ಲವನು.

ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ. ಆ ಊರುಗಳ ಶಾಂತತೆಯನ್ನು ನಾನು ಮರೆಯಲಾರೆ. ನಮ್ಮ ಕಡೆ ಇಬ್ಬರು ಮಾತಾಡಿದರೆ ಜಗಳವೆಂದು ಮೂರನೆಯವನು ಬಿಡಿಸಲು ಬರುತ್ತಾನೆ. ಅಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಕೂಡ ಜನ ಗುಡಿಯೊಳಗೆ ಕೂತಂತೆ ಕೂತಿದ್ದರು. ಮಧ್ಯಾಹ್ನ ಅಂಗಡಿಗಳ ಹಲಗೆ ಅರ್ಧ ಮುಚ್ಚಿ ಮಾಲೀಕರು ಒಳಗೆ ನಿದ್ದೆ. ಬೀದಿಯ ಕೊನೆಗೆ ತೆಂಗಿನ ತೋಪು, ತೋಪಿನಾಚೆ ಎಲ್ಲೋ ಒಂದು ಸಪ್ಪಳ, ಬಿಡುವಿಲ್ಲದೆ. ಅದು ಸಮುದ್ರವೇ ಇರಬೇಕು. ಯಾರನ್ನಾದರೂ ಕೇಳಬಹುದಿತ್ತು. ಆದರೆ ಸಮುದ್ರ ನೋಡಿದವನು ‘ಅದೇನು ಸಪ್ಪಳ’ ಎಂದು ಕೇಳುವುದು ಹೇಗೆ? ಅತ್ತಿ ಪಕ್ಕದಲ್ಲೇ ಇದ್ದಳು. ಕಣ್ಣು ಮುಚ್ಚಿಕೊಂಡಿದ್ದರಿಂದ ಆಕೆಯ ಕಿವಿ ಇನ್ನೂ ಚುರುಕಾಗಿತ್ತು.

ನಡುನಡುವೆ ಹೊಳೆಗಳು. ಆಗ ಸೇತುವೆ ಇರಲಿಲ್ಲ. ಬಸ್ಸಿನಿಂದ ಇಳಿದು, ದೋಣಿಯಲ್ಲಿ ದಾಟಿ, ಆಚೆಗೆ ಇನ್ನೊಂದು ಬಸ್ಸು. ಪ್ರತಿ ಸಲವೂ ಅತ್ತಿ ಸೆರಗಿನೊಳಗಿಂದ, “ಇದ ಸಮುದ್ರಾ?” ಎಂದು ಕೇಳುವಳು. ನಾನು ದೋಣಿಯವನ ಬಾಯಿಂದ ಹೊಳೆಯ ಹೆಸರು ಬೀಳುವುದನ್ನೇ ಕಾದಿದ್ದು, “ಅಲ್ಲತ್ತಿ, ಹೊಳಿ” ಎನ್ನುವೆ. ಆಕೆ ಸೆರಗು ಸರಿಸಿ ಆಚೆ ದಂಡೆಯನ್ನು ನೋಡಿ, “ನಮ್ಮ ಘಟಪ್ರಭಾದಷ್ಟ ಇಲ್ಲ ಬಿಡು” ಎಂದು ಸುಳ್ಳು ಹೇಳಿ ತಿರುಗಿ ಮುಚ್ಚಿಕೊಳ್ಳುವಳು. ಬಹಳ ಅಗಲದ ಶರಾವತಿಯ ಮೇಲೆ ಮಾತ್ರ ಹಾಗೆ ಅನ್ನಲಿಲ್ಲ.

ಆದರೆ ಆಕೆಗೆ ನಿಜವಾದ ಪೆಟ್ಟು ಬಿದ್ದದ್ದು ಕುಮಟೆಯ ಧರ್ಮಶಾಲೆಯಲ್ಲಿ. ಊಟಕ್ಕೆ ಕೂತು ಗಂಟು ಬಿಚ್ಚಿದರೆ ರೊಟ್ಟಿಗಳೆಲ್ಲ ಮೆತ್ತಗಾಗಿದ್ದವು. ಒಂದನ್ನು ಎತ್ತಿ ಹಿಡಿದಳು, ಅದು ಒದ್ದೆ ಕರವಸ್ತ್ರದ ಹಾಗೆ ಕೈಯ ಎರಡೂ ಕಡೆಗೆ ಇಳಿಬಿತ್ತು. ಮುರಿದಳು, ಸಪ್ಪಳವೇ ಇಲ್ಲ. ಸಮುದ್ರದ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ ಎಂದು ವರ್ಷಕ್ಕೊಮ್ಮೆ ಪಾಠ ಮಾಡುವ ನನಗೆ ರೊಟ್ಟಿ ಕಟ್ಟುವಾಗ ಅದು ಹೊಳೆದಿರಲಿಲ್ಲ. “ಕಾರವಾರಕ್ಕ ಬಂದಾಗ ನಿನ್ನ ರೊಟ್ಟಿ ಏನಾಗಿದ್ದೂ?” ಎಂದು ಕೇಳಿದಳು. “ಆಗ ನಾ ಬರೇ ಅನ್ನಾ ಉಂಡಿದ್ನಿ” ಎಂದೆ. ಒಂದು ಸುಳ್ಳಿಗೆ ಎಷ್ಟು ಊಟ ಹಾಕಬೇಕಾಗುತ್ತದೆ ನೋಡಿ. ಮೂವತ್ತಾರು ರೊಟ್ಟಿಗಳನ್ನು ಧರ್ಮಶಾಲೆಯ ಆಕಳಿಗೆ ಹಾಕಿದೆವು. ಆಕಳು ಎರಡು ಮೂಸಿ ಮುಖ ತಿರುಗಿಸಿತು. ಅತ್ತಿ ಅದರ ಕಡೆಗೆ ನೋಡಿದ ನೋಟ ಆಕಳಿನ ಆಯುಷ್ಯಕ್ಕೆ ಒಳ್ಳೆಯದಲ್ಲ.

ಮರುದಿನ ಮಧ್ಯಾಹ್ನ ಕುಂದಾಪುರದ ಇತ್ತಲಾಗಿ ಮರವಂತೆಯಲ್ಲಿ ಬಸ್ಸು ಒಂದು ತಿರುವು ತಿರುಗಿತು. ನಾನು ಬಲಗಡೆಯ ಕಿಟಕಿಯಲ್ಲಿ ಕೂತಿದ್ದೆ. ರಸ್ತೆಯ ಅಂಚಿಗೇ ಭೂಮಿ ಮುಗಿದುಹೋಗಿತ್ತು. ಅಲ್ಲಿಂದ ಮುಂದೆ ನೀರು, ನೀರಿನಾಚೆ ನೀರು, ಅದರಾಚೆ ಆಕಾಶ. ಕರೀ ಹಲಗೆಯ ಮೇಲೆ ನೀಲಿ ಖಡುವಿನಿಂದ ಅಡ್ಡ ಗೆರೆ ಎಳೆದು ‘ಇದು ಸಮುದ್ರ’ ಎನ್ನುತ್ತಿದ್ದವನು ನಾನು. ನನಗೆ ಎದ್ದು ನಿಂತು ಕೂಗಬೇಕೆನ್ನಿಸಿತು. ಕಂಡಕ್ಟರನನ್ನು ಅಪ್ಪಿಕೊಳ್ಳಬೇಕೆನ್ನಿಸಿತು. ಆದರೆ ಕಂಡಕ್ಟರ ಟಿಕೀಟಿನ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ್ದ, ಉಳಿದವರು ತೂಕಡಿಸುತ್ತಿದ್ದರು, ಮೀನಿನ ಬುಟ್ಟಿಯ ಹೆಂಗಸೊಬ್ಬಳು ಸಮುದ್ರಕ್ಕೆ ಬೆನ್ನು ಹಾಕಿ ಎಲೆ ಅಡಿಕೆ ಜಗಿಯುತ್ತಿದ್ದಳು. ಬಗಲಲ್ಲಿ ಅತ್ತಿ ಸೆರಗು ಮುಚ್ಚಿ ನೆಟ್ಟಗೆ ಕೂತಿದ್ದಳು. “ಸಪ್ಪಳಾ ಭಾಳ ಆತು. ಅದನ ಏನು?” ಎಂದಳು. “ಹೂಂ, ಅದನ” ಎಂದೆ. “ಯಾಕ, ದನಿ ಯಾಕ ಹಂಗಾತು?” “ಕಣ್ಣಾಗ ಉಸುಕ ಬಿತ್ತತ್ತಿ” ಎಂದೆ. ಕಣ್ಣಿಂದ ನೀರು ಇಳಿಯುತ್ತಿದ್ದದ್ದು ಖರೆ, ಉಸುಕು ಮಾತ್ರ ಸುಳ್ಳು. ಮಲ್ಲಪ್ಪ ಮಾವ ಕೈಕಾಲು ಕೂಡ ತೊಳೆಯದೆ ಯಾಕೆ ಕೂಗಿದ ಎಂಬುದು ನನಗೆ ಆಗ ತಿಳಿಯಿತು. ಅವನನ್ನು ನೋಡಿ ನಕ್ಕವರಲ್ಲಿ ನಾನೂ ಒಬ್ಬ ಎಂಬುದು ನೆನಪಾಗಿ ಬಹಳ ನಾಚಿಕೆಯಾಯಿತು.

ಮಂಗಳೂರು ಮುಟ್ಟಿದ ಮರುದಿನ ಮುಂಜಾನೆ ಅತ್ತಿ ತಲೆಗೆ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ವಿಭೂತಿ ಹಚ್ಚಿಕೊಂಡು ಸಿದ್ಧಳಾದಳು. ಹಾದಿ ಕೇಳುತ್ತ ಹಳೇ ಬಂದರಿಗೆ ಬಂದೆವು. ಇಕ್ಕಟ್ಟಿನ ಓಣಿಗಳು, ಎರಡೂ ಕಡೆ ಹೆಂಚಿನ ಗೋದಾಮು, ಒಣಮೀನಿನ ವಾಸನೆ, ಮೂಟೆ ಹೊತ್ತು ‘ಹೋಯ್, ಹೋಯ್’ ಎನ್ನುತ್ತ ಓಡುವ ಹಮಾಲರು. ಅತ್ತಿ ಸೆರಗಿನೊಳಗಿಂದಲೇ ಗೋಡೆಗೆ ಕೈ ಹಚ್ಚುತ್ತ ನಡೆದಳು. ನಕಾಶೆಯಲ್ಲಿ ಮಂಗಳೂರಿನ ಚುಕ್ಕೆ ನೀಲಿಗೆ ತಾಗಿಯೇ ಇದೆ. ಬಂದರು ಎಂದಮೇಲೆ ಎದುರಿಗೆ ಸಮುದ್ರ ಬಿಟ್ಟು ಇನ್ನೇನಿರುತ್ತದೆ? ಕಲ್ಲಿನ ಕಟ್ಟೆಯ ತುದಿಗೆ ಆಕೆಯನ್ನು ನಿಲ್ಲಿಸಿ, ಪಾಠ ಸುರುಮಾಡುವ ದನಿಯಲ್ಲಿ, “ಅತ್ತಿ, ಇನ್ನ ಸೆರಗ ತಗಿ. ಇದ ನೋಡು ಸಮುದ್ರ!” ಎಂದೆ. ಹಾಗೆ ಅನ್ನುವ ಮೊದಲು ನಾನು ಒಮ್ಮೆ ಕಣ್ಣೆತ್ತಿ ನೋಡಬೇಕಾಗಿತ್ತು.

ಎದುರಿಗೆ ನಿಂತ ನೀರು, ತುಂಬ ದೋಣಿಗಳು. ದೋಣಿಗಳಾಚೆ ಒಂದು ಕೂಗಿನ ದೂರದಲ್ಲಿ ಆಚೆ ದಂಡೆ. ದಂಡೆಯ ಮೇಲೆ ತೆಂಗಿನ ಮರ, ಗುಡಿಸಲು, ಒಣಹಾಕಿದ ಬಲೆ. ಒಬ್ಬಳು ಹೆಂಗಸು ಅಲ್ಲಿ ಪಾತ್ರೆ ತೊಳೆಯುತ್ತಿದ್ದದ್ದೂ ಕಾಣುತ್ತಿತ್ತು.

ಚೆನ್ನವ್ವತ್ತಿ ಬಹಳ ಹೊತ್ತು ನೋಡಿದಳು. “ದಂಡಿ ಐತಿ” ಎಂದಳು. ಬದಿಯಲ್ಲಿ ಪೇರಿಸಿಟ್ಟಿದ್ದ ಹೆಂಚುಗಳ ಮೇಲೆ ಕೂತುಬಿಟ್ಟಳು. “ನಾ ಅಂದದ್ದ ಖರೆ ಆತು” ಎಂದಳು. ಹದಿನೈದು ವರ್ಷದ ವಾದ ಗೆದ್ದವಳ ಕಣ್ಣಿಂದ ನೀರು ಧಾರಾಕಾರ ಇಳಿಯುತ್ತಿತ್ತು. ಆಕೆ ಗೆಲ್ಲಲು ಬಂದಿರಲಿಲ್ಲ, ಸೋಲಲು ಬಂದಿದ್ದಳು.

ಹೊಳೆ ಸಮುದ್ರ ಸೇರುವ ಕಡೆ ಉಸುಕಿನ ದಿಬ್ಬ ಅಡ್ಡ ನಿಲ್ಲುತ್ತದೆ, ಅದರ ಮರೆಯಲ್ಲಿ ಬಂದರು ಬೆಳೆಯುತ್ತದೆ ಎಂದು ನಾನೇ ಹತ್ತು ವರ್ಷ ಬರೆಸಿದ್ದೇನೆ. ಅದು ನೆನಪಾಗಲು ಇಷ್ಟು ಹೊತ್ತು ಬೇಕಾಯಿತು. “ಅತ್ತಿ, ಇದ ಸಮುದ್ರ ಅಲ್ಲ, ಹೊಳಿ” ಎಂದೆ. ಹತ್ತಿರದ ದೋಣಿಯವನೂ, “ಹೌದು ಅಮ್ಮ, ಇದು ಹೊಳೆ. ಸಮುದ್ರ ಆ ಬೆಂಗ್ರೆಯ, ಆ ಮರಳ ದಿಬ್ಬದ ಆಚೆ ಉಂಟು. ಬನ್ನಿ, ದಾಟಿಸುತ್ತೇನೆ” ಎಂದ.

“ಅಂವ ದೋಣಿಯಾಂವ, ಮಂದಿ ಹತ್ತಲಿ ಅಂತ ಹೇಳತಾನ” ಎಂದಳು ಅತ್ತಿ. “ಹಾದಿ ತುಂಬ ನೀನೂ ಹಂಗ ಅನಕೋಂತ ಬಂದಿ. ಎರಡ ದಂಡಿ ಇದ್ದದ್ದಕ್ಕೆಲ್ಲಾ ಹೊಳಿ ಅನಕೋಂತ ಹೋದ್ರ ಸಮುದ್ರ ಎಲ್ಲೈತಿ? ಈಗ ನೀನ ಸಮುದ್ರ ಅಂದಿ, ನಾ ಅತ್ತ ಕೂಡ್ಲೆ ಹೊಳಿ ಅಂತಿ. ನನ್ನ ಸಮಾಧಾನಕ್ಕ ಹೇಳಬ್ಯಾಡ. ಖರೆ ಹೇಳು. ನೀ ಕಾರವಾರದಾಗ ನೋಡಿದಿ ಅಲ್ಲಾ, ಆಚೆ ದಂಡಿ ಇತ್ತೋ ಇಲ್ಲೋ?”

ಹಮಾಲರು ನಿಂತು ನೋಡುತ್ತಿದ್ದರು. ದೋಣಿಯವನೂ ನೋಡುತ್ತಿದ್ದ. ‘ಇರಲಿಲ್ಲ’ ಎಂದು ಒಂದೇ ಮಾತು ಹೇಳಿದ್ದರೆ ಸಾಕಿತ್ತು, ಅದು ಖರೆಯೂ ಆಗಿತ್ತು. ಆದರೆ ಖರೆಯನ್ನು ಸುಳ್ಳಿನ ಕೈಯಲ್ಲಿ ಕೊಟ್ಟರೆ ಆಕೆ ಮುಟ್ಟುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು, ಕಡೆಯ ದಿನ ಮಾವನ ಮುಖ ನೋಡಿರಬೇಕಾದ ಹಾಗೆ.

“ಅತ್ತಿ, ನಾ ಕಾರವಾರ ನೋಡಿಲ್ಲ” ಎಂದೆ. “ಹೆಣ್ಣ ನೋಡಾಕ ಹೋದಾಗ ಸುಳ್ಳ ಹೇಳಿದ್ನಿ. ನಿನ್ನಿ ಮಧ್ಯಾಹ್ನದ ತನಕ ನಾನೂ ಸಮುದ್ರ ನೋಡಿದಾಂವ ಅಲ್ಲ. ನಿನ್ನಿ ಬಸ್ಸಿನಾಗ ನೋಡಿದ್ನಿ. ಕಣ್ಣಾಗ ಉಸುಕ ಬಿದ್ದಿರಲಿಲ್ಲ, ಅತ್ತಿದ್ನಿ. ಇಲ್ಲತ್ತಿ, ಅದಕ್ಕ ಆಚೆ ದಂಡಿ ಇಲ್ಲ. ಮಾವ ಹೇಳಿದ್ದ ಖರೆ.”

ಚೆನ್ನವ್ವತ್ತಿ ಸೆರಗಿನಿಂದ ಮುಖ ಒರೆಸಿಕೊಂಡಳು. ಬೈಯುತ್ತಾಳೆಂದು ಕಾದೆ. ಆಕೆ ಹೆಂಚಿನ ಮೇಲಿಂದ ಎದ್ದು, “ನಡಿ ಹಂಗಾರ” ಎಂದು ದೋಣಿ ಹತ್ತಿದಳು.

ಆಚೆ ದಂಡೆಗೆ ಇಳಿದು, ಒಣಹಾಕಿದ ಬಲೆಗಳ ನಡುವೆ ಹಾದು, ಉಸುಕಿನ ದಿಬ್ಬ ಏರಿದೆವು. ಏರುವಾಗ ಆಕೆ ನನ್ನ ಕೈ ಹಿಡಿದಿದ್ದಳು. ಮೇಲೆ ಬಂದಾಗ ಬಿಟ್ಟಳು. ಎದುರಿಗೆ ಅದು ಇತ್ತು. ಚೆನ್ನವ್ವತ್ತಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕಣ್ಣಿನ ಮೇಲೆ ಅಂಗೈ ಹಿಡಿದು ಬಹಳ ದೂರ ನೋಡಿದಳು. ಎಲ್ಲಾದರೂ ಒಂದು ಗಿಡದ ತುದಿಯಾದರೂ ಕಂಡೀತೋ ಎಂದು ಹುಡುಕುವವಳ ಹಾಗೆ ಹುಡುಕಿದಳು. ಕೊನೆಗೆ ಚಪ್ಪಲಿ ಬಿಟ್ಟು, ನೀರು ಕಾಲಿಗೆ ತಾಗುವ ತನಕ ನಡೆದು, ಕೈ ಮುಗಿದಳು. ತಪ್ಪಾಯಿತು ಎಂದು ಬೇಡುತ್ತಾಳೆಂದು ನಾನು ಹಿಂದೆ ಸರಿದು ನಿಂತೆ. ಕೇಳಿಸಿದ್ದು ಬೇರೆ. “ಅಲ್ರೀ, ಇಷ್ಟ ದೊಡ್ಡದ ನೋಡಿ ಬಂದು ಬರೇ ದಂಡಿ ಇಲ್ಲ ಅಂತ ಒಂದ ಮಾತ ಹೇಳಿ ಬಿಟ್ರೆಲ್ಲಾ! ನಾ ನಕ್ಕೆ ಅಂತ ಸುಮ್ಮನಾಗೂದೇನು? ಇನ್ನೊಮ್ಮೆ ಹೇಳಬಾರದಿತ್ತೇನು? ಬಿಡಿಸಿ ಹೇಳಬಾರದಿತ್ತೇನು?” ಎಂದು ಆಕೆ ಸಮುದ್ರದ ಕಡೆಗೆ ಮುಖ ಮಾಡಿ ಗಟ್ಟಿ ದನಿಯಲ್ಲಿ ಗಂಡನನ್ನು ಬೈಯುತ್ತಿದ್ದಳು. ಬೈದು ಬೈದು ಅತ್ತಳು. ಅತ್ತು ಮುಗಿದ ಮೇಲೆ ಮುಖಕ್ಕೆ ಅದೇ ನೀರು ಚಿಮುಕಿಸಿಕೊಂಡು, “ಥೂ, ಉಪ್ಪು!” ಎಂದಳು.

ಊರಿಗೆ ಬಂದ ಮೇಲಿನ ಕತೆ ಸಣ್ಣದು. ಮೂಡಲಗಿಯ ಓಣಿಯಲ್ಲಿ ಕಟ್ಟೆಯ ಮೇಲೆ ನಿಂತು ಚೆನ್ನವ್ವತ್ತಿ, ಆಚೆ ದಂಡಿ ಇಲ್ಲ ಎಂದು ಸಾರಿದಳು. ಹೆಂಗಸರು ನಕ್ಕರು. “ನಗಬ್ಯಾಡ್ರಿ. ನಮ್ಮ ಮಾಸ್ತರನ್ನ ಕೇಳ್ರಿ, ಅಂವ ಎರಡ ಸಲ ನೋಡ್ಯಾನ. ಮೊದಲ ಕಾರವಾರದಾಗ, ಆಮ್ಯಾಲ ನನ್ನ ಸಂಗಾಟ” ಎಂದಳಂತೆ. ಹುಕ್ಕೇರಿಯಲ್ಲಿ ಮಾವನವರ ಎದುರಿಗೂ ಹಾಗೇ ಅಂದಳು. ನನ್ನ ಹೆಂಡತಿ, “ಎರಡ ಸಲಾ?” ಎಂದು ನನ್ನತ್ತ ನೋಡಿದಳು. ಅತ್ತಿ, “ಹೂಂ, ಎರಡ ಸಲ” ಎಂದು ಆಕೆಯ ಬಾಯಿ ಮುಚ್ಚಿಸಿದಳು.

ಆಮೇಲೆ ಒಂದು ದಿನ ಅತ್ತಿ ಗೋಕಾಕಕ್ಕೆ ಬಂದಾಗ ನಾನು ಸಾಲೆಗೆ ಬಂದ ಹೊಸ ನಕಾಶೆಗೆ ಅಂಚು ಹಚ್ಚುತ್ತ ಪಡಸಾಲೆಯಲ್ಲಿ ಕೂತಿದ್ದೆ. ಆಕೆ ಬಗ್ಗಿ ನೋಡಿದಳು. ಗೋಕಾಕ ತೋರಿಸಿದೆ, ಮಂಗಳೂರು ತೋರಿಸಿದೆ. “ಈ ನೀಲಿ ನಮ್ಮ ಸಮುದ್ರೇನು?” ಎಂದು ಬೆರಳಿಟ್ಟಳು. ಬೆರಳು ಮೆಲ್ಲಗೆ ಎಡಕ್ಕೆ ಸರಿಯಿತು, ನೀಲಿ ದಾಟಿತು, ಅರಬಸ್ತಾನದ ಮೇಲೆ ಬಂದು ನಿಂತಿತು. “ಮತ್ತ ಇದೇನು, ಆಚೆ ಕಡೆ ಹಳದಿ?”

ಹನ್ನೊಂದು ವರ್ಷ ಭೂಗೋಳ ಕಲಿಸಿದವನು ನಾನು. ಆ ಹಳದಿಯ ಮೇಲಿನ ಊರುಗಳ ಹೆಸರು ನನಗೆ ಬಾಯಿಪಾಠ. ಆಕೆಯ ಮುಖ ನೋಡಿದೆ.

“ಅದಾ? ಅದ ಏನೂ ಇಲ್ಲತ್ತಿ” ಎಂದೆ. “ಬಣ್ಣ ಉಳದಿತ್ತಂತ ಬಳದಾರ.”